ಮಟ್ಟೆ, ಕರಟ, ತಿರುಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



"ನನ್ನ ಮಗ ಬೆಂಗಳೂರಲ್ಲಿ ಏನೋ ಕಂಪ್ಯೂಟರ್ ಕೆಲಸ ಮಾಡ್ತಾನೆ" ಎಂದು ನಮ್ಮವ್ವ ಎಲ್ಲರಿಗೂ ಹೇಳುತ್ತಿದ್ದಳು. ಆ 'ಏನೋ' ಏನೆಂದು ಇವತ್ತಾದರೂ ಹೇಳು ಎಂದು ಮೇಷ್ಟ್ರು ಅಪ್ಪಣೆ ಮಾಡಿದ್ದಾರೆ.

ಕುಣಿಗಲ್ ಸೀಮೆಯವರಿಗೆ ತೆಂಗಿನಕಾಯಿಯ ವಿಷಯ ಹೇಳಬೇಕಾಗಿಲ್ಲ. ಮಟ್ಟೆ ಸುಲಿಯಬೇಕು, ಕರಟ ಒಡೆಯಬೇಕು, ಆಮೇಲೆ ತಿರುಳು. ನಿಮ್ಮ ಕಂಪ್ಯೂಟರಿಗೆ ಬರುವ ಫೋಟೋ, ಪರೀಕ್ಷೆಯ ಫಲಿತಾಂಶ ಎಲ್ಲವೂ ಹೀಗೆ ಸಿಪ್ಪೆಯೊಳಗೆ ಸಿಪ್ಪೆಯಾಗಿ ಬರುತ್ತವೆ. ಅದೂ ಇಡಿಯಾಗಿ ಅಲ್ಲ, ತುಂಡು ತುಂಡಾಗಿ. ಆ ತುಂಡಿಗೆ ಪ್ಯಾಕೆಟ್ ಎನ್ನುತ್ತೇವೆ. ಈಥರ್ನೆಟ್ ತಂತಿಯಲ್ಲಿ ಅದು ಸಾಮಾನ್ಯವಾಗಿ 1500 ಬೈಟ್ ಮೀರುವುದಿಲ್ಲ.

ಮಟ್ಟೆ ಸುಲಿಯುವುದು ನೆಟ್‌ವರ್ಕ್ ಕಾರ್ಡು. ಮೇಲಿನ ವಿಳಾಸ ತನ್ನದೇ ಎಂದು ನೋಡುತ್ತದೆ. ಕೊನೆಯಲ್ಲಿರುವ 4 ಬೈಟಿನ ಲೆಕ್ಕ ತಾಳೆಯಾಗುತ್ತದೆಯೇ ಎಂದು ನೋಡುತ್ತದೆ. ತಾಳೆಯಾಗದಿದ್ದರೆ ಅಲ್ಲೇ ಬಿಸಾಡುತ್ತದೆ, ಕಳಿಸಿದವರಿಗೆ ಹೇಳುವುದೂ ಇಲ್ಲ. ಈ ಮಾತು ನೆನಪಿರಲಿ. ಸರಿಯಿದ್ದರೆ ಐಪಿ ಎಂಬ ಮೇಲಿನ ಪದರಕ್ಕೆ ದಾಟಿಸುತ್ತದೆ. ಐಪಿ ತನ್ನ ವಿಳಾಸ ನೋಡಿಕೊಂಡು, ಗುರುತಿನ ಸಂಖ್ಯೆ 6 ಇದ್ದರೆ ಟಿಸಿಪಿಗೆ, 17 ಇದ್ದರೆ ಯುಡಿಪಿಗೆ ಕೊಡುತ್ತದೆ.

ಟಿಸಿಪಿ ನಮ್ಮ ಕಾಲದ ಮೇಷ್ಟ್ರ ಹಾಗೆ, ಹಾಜರಿ ಕರೆಯುತ್ತದೆ. ನಡುವೆ ಒಂದು ತಪ್ಪಿದ್ದರೆ ಅದು ಬರುವ ತನಕ ಹಿಂದಿನವನ್ನು ಒಳಗೆ ಬಿಡುವುದಿಲ್ಲ. ಬಂದದ್ದಕ್ಕೆ ರಸೀದಿ ಕೊಡುತ್ತದೆ. ರಸೀದಿ ಸಿಗದಿದ್ದರೆ ಕಳಿಸಿದವರು ಮತ್ತೆ ಕಳಿಸಬೇಕು. ಯುಡಿಪಿಗೆ ಹಾಜರಿ ಪುಸ್ತಕವೇ ಇಲ್ಲ. ಮುಖ ನೋಡಿಕೊಂಡು ಫೋನಿನಲ್ಲಿ ಮಾತಾಡುವಾಗ ಹೆಚ್ಚಾಗಿ ಬಳಸುವುದು ಇದನ್ನೇ. ಕಳೆದುಹೋದ ಅರ್ಧ ಮಾತನ್ನು ಆಮೇಲೆ ತಂದುಕೊಟ್ಟರೆ ಯಾರಿಗೆ ಬೇಕು? ಕಡೆಗೆ ಪೋರ್ಟ್ ಸಂಖ್ಯೆ ನೋಡಿ ಸೇರಬೇಕಾದ ಪ್ರೋಗ್ರಾಮಿಗೆ ತಿರುಳನ್ನು ಮುಟ್ಟಿಸುತ್ತಾರೆ. ಅಮೆರಿಕದ ಆರ್ಪಾನೆಟ್ 1983ರ ಜನವರಿ 1ರಂದು ಈ ಪದ್ಧತಿಗೆ ಬದಲಾಯಿತು. ಇವತ್ತಿಗೂ ಇದೇ ನಡೆಯುತ್ತಿದೆ.

ಇನ್ನು ನನ್ನದೊಂದು ತಪ್ಪು. ಕೆಲಸಕ್ಕೆ ಸೇರಿದ ಹೊಸದು. ಒಂದು ಕಚೇರಿಯಲ್ಲಿ ಕಡತಗಳು ತೆರೆಯುತ್ತಿಲ್ಲವೆಂದು ದೂರು ಬಂತು. ಪಿಂಗ್ ಮಾಡಿದೆ, ಉತ್ತರ ಬಂತು. ತಂತಿ ಸರಿಯಿದೆ ಎಂದು ನಾನೇ ತೀರ್ಮಾನಿಸಿ, ಪ್ರೋಗ್ರಾಂ ಬರೆದಿದ್ದ ಹುಡುಗನ ಮೇಲೆ ವರದಿ ಬರೆದೆ. ನಮ್ಮಂಥದೇ ಹಳ್ಳಿಯಿಂದ ಬಂದವನು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೂರು ರಾತ್ರಿ ಮನೆಗೆ ಹೋಗದೆ, ಇಲ್ಲದ ತಪ್ಪನ್ನು ಹುಡುಕಿದ.

ನಾಲ್ಕನೆಯ ದಿನ ಕಾರ್ಡಿನ ಲೆಕ್ಕ ತೆಗೆದು ನೋಡಿದೆ. ತಾಳೆಯಾಗದೆ ಬಿಸಾಡಿದ ಪ್ಯಾಕೆಟ್ಟುಗಳ ಸಂಖ್ಯೆ ಕಣ್ಣೆದುರೇ ಏರುತ್ತಿತ್ತು. ಮೇಜಿನ ಕಾಲಡಿ ಸಿಕ್ಕಿ ತಂತಿ ನಜ್ಜುಗುಜ್ಜಾಗಿತ್ತು. ಪಿಂಗಿನ ಪ್ಯಾಕೆಟ್ ಚಿಕ್ಕದು, ಬಹಳ ಸಲ ಪಾರಾಗುತ್ತಿತ್ತು. ಕಡತದವು ದೊಡ್ಡವು, ದಾರಿಯಲ್ಲೇ ಕೆಡುತ್ತಿದ್ದವು. ಕಳಿಸುವ ಕಡೆಯ ಟಿಸಿಪಿ ಪಾಪ, ಮತ್ತೆ ಮತ್ತೆ ಕಳಿಸುತ್ತಾ, ಪ್ರತಿ ಸಲ ಕಾಯುವ ಹೊತ್ತನ್ನು ದುಪ್ಪಟ್ಟು ಮಾಡಿಕೊಳ್ಳುತ್ತಾ ಕೂತಿತ್ತು.

ವರದಿಯನ್ನು ವಾಪಸು ತೆಗೆದುಕೊಂಡು ಅವನ ಮೇಜಿನ ಹತ್ತಿರ ಹೋಗಿ ನಿಂತೆ. ಅವನು ತಲೆ ಎತ್ತಿ, "ತಂತಿ ಬದಲಾಯಿಸಿದ್ರಾ ಸಾರ್?" ಎಂದಷ್ಟೇ ಕೇಳಿದ.

ಮಕ್ಕಳೇ, ಊಟವಾದ ಮೇಲೆ ಕಂಪ್ಯೂಟರ್ ಕೋಣೆಗೆ ಬನ್ನಿ. ವೈರ್‌ಶಾರ್ಕ್ ಎಂಬ ಪ್ರೋಗ್ರಾಂ ಹಾಕಿಕೊಂಡು ಬಂದಿದ್ದೇನೆ. ಒಂದು ಪ್ಯಾಕೆಟ್ ಹಿಡಿದು ಸುಲಿದು ನೋಡೋಣ.