ಹಡಗಿನ ವಿದ್ಯುತ್ತು ಮತ್ತು ವೇಗದ ಲೆಕ್ಕ

(ತಾಳವಾಡಿ ಸೀಮೆಯ ಪಣಕಹಳ್ಳಿಯಲ್ಲಿ ನೀಡಿದ ದತ್ತಿ ಉಪನ್ಯಾಸ)



ದಿಂಬಂ ಘಾಟಿಯ 27 ತಿರುವು ಇಳಿದ ಮೇಲೂ ಸಮುದ್ರ ನಮಗೆ ದೂರವೇ. ಇಂಥ ಊರಿನಲ್ಲಿ ಹಡಗಿನ ಜನರೇಟರಿನ ಮಾತೇಕೆ ಎಂದು ನೀವು ಕೇಳಬಹುದು. ಕಾರಣ ನಿಮ್ಮ ಹೊಲದಲ್ಲೇ ಇದೆ. ಎಲೆಕೋಸಿಗೆ, ಅರಿಸಿನಕ್ಕೆ ನೀರೆತ್ತುವ ಬೋರ್‌ವೆಲ್ ಮೋಟಾರು ಉದ್ದಕ್ಕೆ, ಸಪೂರವಾಗಿ ಇರುತ್ತದೆ. ನಿಮಿಷಕ್ಕೆ ಸುಮಾರು 2,880 ಸುತ್ತು ತಿರುಗುತ್ತದೆ. ಆರಂಗುಲದ ಕೊಳವೆಗೆ ಇಳಿಯಬೇಕಾದ ಯಂತ್ರ ದಪ್ಪವಾಗುವಂತಿಲ್ಲ. ಆ ಕೊರತೆಯನ್ನು ಉದ್ದದಿಂದಲೂ ವೇಗದಿಂದಲೂ ತುಂಬಿಕೊಳ್ಳುತ್ತದೆ. ಹಡಗಿನ ಎಂಜಿನ್ ಕೋಣೆಯಲ್ಲೂ ಇದೇ ಇಕ್ಕಟ್ಟು, ಇದೇ ಲೆಕ್ಕ.

1. ಗಾತ್ರ ಎಲ್ಲಿಂದ ಬರುತ್ತದೆ?

ಜನರೇಟರಿನ ಗಾತ್ರವನ್ನು ಮುಖ್ಯವಾಗಿ ನಿರ್ಧರಿಸುವುದು ಅದು ಕೊಡುವ ವಿದ್ಯುತ್ತಲ್ಲ, ಅದರ ಅಚ್ಚು ತಾಳಬೇಕಾದ ಟಾರ್ಕ್, ಅಂದರೆ ತಿರುಗಿಸುವ ಬಲ. ಒಂದು ಮೆಗಾವ್ಯಾಟ್ ವಿದ್ಯುತ್ತನ್ನು ನಿಮಿಷಕ್ಕೆ 300 ಸುತ್ತಿನಲ್ಲಿ ಪಡೆಯಬೇಕಾದರೆ ಸುಮಾರು 32,000 ನ್ಯೂಟನ್ ಮೀಟರ್ ಟಾರ್ಕ್ ಬೇಕು. 1,800 ಸುತ್ತಿಗೆ 5,300 ಸಾಕು. 15,000 ಸುತ್ತಾದರೆ 640ರ ಆಸುಪಾಸು. ಟಾರ್ಕ್ ಇಳಿದ ಹಾಗೆ ಕಬ್ಬಿಣ, ತಾಮ್ರ ಎರಡೂ ಇಳಿಯುತ್ತವೆ.

ನಮ್ಮ ಉತ್ತರಕ್ಕಿರುವ ಶಿವನಸಮುದ್ರದ ಜಲವಿದ್ಯುತ್ ಕೇಂದ್ರಕ್ಕೆ ಗಾತ್ರದ ಈ ಚಿಂತೆ ಇರಲಿಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ರೂಪುಗೊಂಡ ಯೋಜನೆ 1902ರಲ್ಲಿ 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿತು. ನದಿ ದಂಡೆಯಲ್ಲಿ ಕಟ್ಟಡ ಎಷ್ಟು ಹರಡಿದರೂ ನಡೆಯುತ್ತದೆ, ಯಂತ್ರ ಎಷ್ಟು ತೂಗಿದರೂ ನೆಲ ಹೊರುತ್ತದೆ. ಹಡಗಿನಲ್ಲಿ ಪ್ರತಿ ಟನ್ನನ್ನೂ ನೀರು ಹೊರಬೇಕು, ಅದಕ್ಕಾಗಿ ಎಣ್ಣೆ ಉರಿಯಬೇಕು.

2. ವೇಗ ಹುಟ್ಟಿದ್ದೇ ಹಡಗಿಗಾಗಿ

1884ರಲ್ಲಿ ಎಂಜಿನಿಯರ್ ಚಾರ್ಲ್ಸ್ ಪಾರ್ಸನ್ಸ್ ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ ಹಡಗಿನ ಸಲಕರಣೆ ಮಾಡುತ್ತಿದ್ದ ಕ್ಲಾರ್ಕ್ ಚಾಪ್‌ಮನ್ ಕಂಪನಿ ಸೇರಿದರು. ಅದೇ ವರ್ಷ ಅವರು ಕಟ್ಟಿದ ಹಬೆ ಟರ್ಬೈನು ನಿಮಿಷಕ್ಕೆ 18,000 ಸುತ್ತು ತಿರುಗಿ 7.5 ಕಿಲೋವ್ಯಾಟ್ ಕೊಟ್ಟಿತು. ಆ ವೇಗವನ್ನು ತಾಳುವ ಡೈನಮೋ ಆಗ ಎಲ್ಲೂ ಇರಲಿಲ್ಲ. ಅದನ್ನೂ ಅವರೇ ಕಟ್ಟಬೇಕಾಯಿತು. ಸುರುಳಿಗಳು ಸಿಡಿದು ಹೋಗದಂತೆ ಮೇಲೆ ಉಕ್ಕಿನ ತಂತಿ ಬಿಗಿದರು. ಹೀಗೆ ಬಂದ ಚಿಕ್ಕ ಯಂತ್ರಗಳು ಮೊದಲು ಬೆಳಗಿಸಿದ್ದು ಹೆಚ್ಚಾಗಿ ಹಡಗುಗಳ ದೀಪಗಳನ್ನೇ.

ಎಲ್ಲರೂ ತಕ್ಷಣ ಅವರ ದಾರಿ ಹಿಡಿಯಲಿಲ್ಲ. 1912ರ ಟೈಟಾನಿಕ್‌ನಲ್ಲಿದ್ದ 400 ಕಿಲೋವ್ಯಾಟಿನ ನಾಲ್ಕು ಡೈನಮೋಗಳನ್ನು ಪಿಸ್ಟನ್ನಿನ ಹಬೆ ಎಂಜಿನ್‌ಗಳು ನಿಮಿಷಕ್ಕೆ ಸುಮಾರು 325 ಸುತ್ತು ತಿರುಗಿಸುತ್ತಿದ್ದವು. ಅಷ್ಟು ದೊಡ್ಡ ಹಡಗಿಗೆ ಅವುಗಳ ತೂಕ ಹೊರೆಯೆನಿಸಲಿಲ್ಲ.

3. ಇಂದಿನ ನಮ್ಮ ಹಡಗುಗಳು

2014ರಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್ ಕೋಲ್ಕತ್ತದಲ್ಲಿ ತಲಾ ಒಂದು ಮೆಗಾವ್ಯಾಟಿನ ನಾಲ್ಕು ಕಿರ್ಲೋಸ್ಕರ್ ಜನರೇಟರುಗಳಿವೆ. ಅವನ್ನು ತಿರುಗಿಸುವುದು ಕಮಿನ್ಸ್ ಡೀಸೆಲ್ ಎಂಜಿನ್. 2022ರಲ್ಲಿ ಕೊಚ್ಚಿಯಿಂದ ಹೊರಟ ಐಎನ್‌ಎಸ್ ವಿಕ್ರಾಂತ್‌ನಲ್ಲಿ ತಲಾ ಮೂರು ಮೆಗಾವ್ಯಾಟಿನ ಎಂಟು ಡೀಸೆಲ್ ಜನರೇಟರುಗಳಿವೆ. ಅದೇ ಹಡಗನ್ನು ಮುಂದಕ್ಕೆ ನೂಕುವ ಎಲ್‌ಎಂ2500 ಗ್ಯಾಸ್ ಟರ್ಬೈನ್‌ಗಳ ಕೆಲಸದಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಭಾಗದ ಕೈಯಿದೆ. ಸಮುದ್ರವಿಲ್ಲದ ಬೆಂಗಳೂರು ಹಡಗಿಗೆ ಎಂಜಿನ್ ಒದಗಿಸುತ್ತದೆಂದ ಮೇಲೆ ಪಣಕಹಳ್ಳಿ ಅದರ ಲೆಕ್ಕ ತಿಳಿದರೆ ತಪ್ಪೇನು?

4. ವೇಗದ ಬೆಲೆ

ವೇಗ ಏರಿದಂತೆ ಯಂತ್ರ ಚಿಕ್ಕದಾಗುತ್ತದೆ ಎಂದು ಮೊದಲೇ ಹೇಳಿದೆ. ಹಾಗಾದರೆ ಎಲ್ಲ ಹಡಗಿಗೂ 15,000 ಸುತ್ತಿನ ಯಂತ್ರ ಕೂರಿಸಬಾರದೇಕೆ? ಉಳಿಸಿದ ಜಾಗಕ್ಕೆ ಮೂರು ಕಡೆ ಬೆಲೆ ತೆರಬೇಕು.

ಮೊದಲನೆಯದು ಲೋಹದ ಬಲ. ಅಚ್ಚಿನಿಂದ ಹತ್ತು ಸೆಂಟಿಮೀಟರ್ ದೂರದಲ್ಲಿರುವ ಒಂದು ಗ್ರಾಂ ಚೂರನ್ನು ಆ ವೇಗದಲ್ಲಿ ಹಿಡಿದಿಡಲು ಸುಮಾರು 25 ಕಿಲೋ ತೂಕವನ್ನು ಎತ್ತಿಹಿಡಿಯುವಷ್ಟು ಬಲ ಬೇಕು. ಆದ್ದರಿಂದ ರೋಟರಿನ ಶಾಶ್ವತ ಅಯಸ್ಕಾಂತಗಳ ಮೇಲೆ ಕಾರ್ಬನ್ ನಾರಿನ ಅಥವಾ ಗಟ್ಟಿ ಮಿಶ್ರಲೋಹದ ಕವಚ ಬಿಗಿಯುತ್ತಾರೆ. ಪಾರ್ಸನ್ಸರ ಉಕ್ಕಿನ ತಂತಿಯ ಕೆಲಸವನ್ನೇ ಇದು ಮಾಡುತ್ತದೆ.

ಎರಡನೆಯದು ಕಾವು. ವೇಗ ಏರಿದಂತೆ ಕಬ್ಬಿಣದ ತಗಡುಗಳಲ್ಲಿ ಸುಳಿಪ್ರವಾಹ ಹೆಚ್ಚಿ ಶಾಖ ಹುಟ್ಟುತ್ತದೆ. ಯಂತ್ರ ಚಿಕ್ಕದಾದಷ್ಟೂ ಆ ಶಾಖ ಹೊರಹೋಗುವ ಮೈಯೂ ಚಿಕ್ಕದು.

ಮೂರನೆಯದು ಆವರ್ತನೆ. ಎರಡು ಧ್ರುವದ ಜನರೇಟರು 50 ಹರ್ಟ್ಸ್ ಕೊಡಬೇಕಾದರೆ 3,000 ಸುತ್ತು, 60 ಹರ್ಟ್ಸ್ ಕೊಡಬೇಕಾದರೆ 3,600 ಸುತ್ತು ತಿರುಗಬೇಕು. 15,000 ಸುತ್ತಿನಲ್ಲಿ ಬರುವುದು 250 ಹರ್ಟ್ಸ್. ದೀಪಕ್ಕೂ ಪಂಪಿಗೂ ಅದು ನೇರವಾಗಿ ಒಗ್ಗದು. ಮೊದಲು ಏಕಮುಖ ವಿದ್ಯುತ್ತಾಗಿ ಮಾಡಿ, ಬೇಕಾದಲ್ಲಿ ಮತ್ತೆ ಪರ್ಯಾಯ ವಿದ್ಯುತ್ತಾಗಿ ಬದಲಿಸಬೇಕು. ಆ ಪರಿವರ್ತಕಗಳೂ ಜಾಗ ಕೇಳುತ್ತವೆ.

ಆದ್ದರಿಂದಲೇ ಸರಕು ಹಡಗುಗಳಲ್ಲಿ 720, 900 ಸುತ್ತಿನ ಡೀಸೆಲ್ ಜನರೇಟರುಗಳು ಇಂದಿಗೂ ದುಡಿಯುತ್ತಿವೆ. ನಡುಗಡಲಲ್ಲಿ ಕೆಟ್ಟರೆ ಸಿಬ್ಬಂದಿಯೇ ಬಿಚ್ಚಿ ಸರಿಮಾಡಬೇಕು. ಅಲ್ಲಿ ಬಾಳಿಕೆಯೇ ದೊಡ್ಡದು. ಆಯುಧ, ರೇಡಾರುಗಳು ಜಾಗ ಕಬಳಿಸುವ ಯುದ್ಧನೌಕೆಯಲ್ಲಿ ತಕ್ಕಡಿ ವೇಗದ ಕಡೆ ವಾಲುತ್ತದೆ.

5. ಕೊನೆಯದಾಗಿ

ಐಟಿಐ, ಪಾಲಿಟೆಕ್ನಿಕ್ ಓದುತ್ತಿರುವ ತಮ್ಮಂದಿರು, ತಂಗಿಯರು ಇಲ್ಲಿದ್ದೀರಿ. ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದಕ್ಕೆ 2010ರಲ್ಲಿ ಮನಿಲಾದಲ್ಲಿ ಆದ ತಿದ್ದುಪಡಿಗಳ ನಂತರ ಹಡಗಿನ ವಿದ್ಯುತ್ ಅಧಿಕಾರಿಯ ಹುದ್ದೆಗೆ ಅಂತರರಾಷ್ಟ್ರೀಯ ಅರ್ಹತೆ ನಿಗದಿಯಾಗಿದೆ. ಅದೂ ಒಂದು ದಾರಿ. ಯಾವ ದಾರಿ ಹಿಡಿದರೂ, ಹೊಸ ಯಂತ್ರ ಕಂಡಾಗ ಎಷ್ಟು ವೇಗ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಆ ವೇಗ ಯಾವ ಇಕ್ಕಟ್ಟಿಗಾಗಿ ಬಂತು, ಅದರ ಬೆಲೆಯನ್ನು ಯಾವ ಭಾಗ ತೆರುತ್ತಿದೆ ಎಂದೂ ಕೇಳಿ. ಈ ಎರಡಕ್ಕೆ ಉತ್ತರ ಹೇಳಬಲ್ಲವರು ಯಂತ್ರವನ್ನು ನಡೆಸಲಷ್ಟೇ ಅಲ್ಲ, ಆರಿಸಲೂ ಬಲ್ಲರು.