ಮರದ ಕಿಟಕಿ ಮತ್ತು ಬಡಗಿಯ ವಿದ್ಯೆ



ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಜೇಜುರಿ ಕನ್ನಡಿಗರಿಗೆ ಅಪರಿಚಿತ ಊರಲ್ಲ. ನಮ್ಮ ಮೈಲಾರ, ದೇವರಗುಡ್ಡ, ಮಂಗಸೂಳಿಗಳಲ್ಲಿ ಪೂಜೆಗೊಳ್ಳುವ ಮೈಲಾರಲಿಂಗನೇ ಅಲ್ಲಿ ಖಂಡೋಬಾ ಎನಿಸಿದ್ದಾನೆ. ಅಲ್ಲಿಯ ಭಕ್ತರು ಭಂಡಾರವನ್ನು ತೂರುತ್ತಾ ಕೂಗುವ ‘ಯೇಳಕೋಟ’ ಎಂಬ ಘೋಷದಲ್ಲಿ ನಮ್ಮ ‘ಏಳು ಕೋಟಿ’ ಸ್ಪಷ್ಟವಾಗಿ ಕೇಳಿಸುತ್ತದೆ. ಪುಣೆಯಿಂದ ಮೀರಜ ಮಾರ್ಗವಾಗಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಕಡೆಗೆ ಬರುವ ರೈಲು ಹಾದಿಯಲ್ಲಿಯೇ ಆ ಊರಿದೆ. ಹೋಳ್ಕರ್ ಮನೆತನದವರ ಕಾಣಿಕೆಯಿಂದ ಬೆಳೆದ ಬೆಟ್ಟದ ಮೇಲಿನ ಕಲ್ಲಿನ ದೇವಾಲಯವನ್ನೂ ದೀಪಮಾಲೆಗಳನ್ನೂ ಯಾತ್ರಿಕರು ಕಣ್ತುಂಬ ನೋಡುತ್ತಾರೆ. ಆದರೆ ಆ ಸೀಮೆಯ ಜನ ವಾಸಿಸಿದ ಮನೆಗಳ ಕಲೆ ಕಲ್ಲಿನಲ್ಲಿರುವುದಕ್ಕಿಂತ ಹೆಚ್ಚಾಗಿ ಮರದಲ್ಲಿದೆ. ಆ ಮರಗೆಲಸದ ಒಂದು ಸಣ್ಣ ಭಾಗವಾದ ಕಿಟಕಿಯನ್ನು ಕುರಿತು ಇಂದು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಕಲ್ಲಿನ ಬುನಾದಿ, ಇಟ್ಟಿಗೆಯ ಅಥವಾ ಮಣ್ಣಿನ ಗೋಡೆ, ಸಾಗುವಾನಿಯ ಕಂಬ ತೊಲೆಗಳು, ನಡುವೆ ತೆರೆದ ಚೌಕ: ಇದು ಪುಣೆ ಪ್ರಾಂತದ ವಾಡೆಯ ಸ್ವರೂಪ. ಪೇಶ್ವೆಯರ ಶನಿವಾರವಾಡೆ 1730ರಲ್ಲಿ ಆರಂಭವಾಗಿ 1732ರಲ್ಲಿ ವಾಸಯೋಗ್ಯವಾಯಿತು. 1828ರ ಬೆಂಕಿಯಲ್ಲಿ ಅದರ ಮರದ ಭಾಗಗಳು ಸುಟ್ಟುಹೋಗಿ, ಕಲ್ಲಿನ ತಳಹದಿ ಮತ್ತು ಕೋಟೆಗೋಡೆಗಳು ಉಳಿದವು. ಎರಡನೆಯ ಬಾಜೀರಾಯನಿಗಾಗಿ 19ನೆಯ ಶತಮಾನದ ಆರಂಭದಲ್ಲಿ ಕಟ್ಟಿದ ವಿಶ್ರಾಮಬಾಗ್ ವಾಡೆಯೂ 1879ರಲ್ಲಿ ಬೆಂಕಿಗೆ ತುತ್ತಾಯಿತು. ಆದರೂ ಅದರ ಕೆತ್ತನೆಯ ಮರದ ಮುಂಭಾಗವನ್ನು ಇಂದಿಗೂ ನೋಡಬಹುದು. ಇದೇ ಬಗೆಯ ವಾಡೆಗಳು ನಮ್ಮ ಬೆಳಗಾವಿ, ಧಾರವಾಡ, ವಿಜಯಪುರ ಜಿಲ್ಲೆಗಳ ಊರುಗಳಲ್ಲಿಯೂ ಇವೆ. ಅಲ್ಲಿ ಸುತಾರ ಎನಿಸಿಕೊಂಡವನು ಇಲ್ಲಿ ಬಡಿಗೇರ. ಭಾಷೆ ಬೇರೆಯಾದರೂ ಉಳಿಯ ಮಾತು ಒಂದೇ.

ಕಿಟಕಿಯ ಕೆಲಸ ನೋಡುವುದಕ್ಕೆ ಸರಳ. ನಾಲ್ಕು ಮರದ ತುಂಡುಗಳ ಚೌಕಟ್ಟು, ಅದರೊಳಗೆ ತೆರೆದು ಮುಚ್ಚುವ ಎರಡು ಕದಗಳು, ಕೆಲವು ಸರಳುಗಳು. ಇದರಲ್ಲಿ ಅಂತಹ ವಿದ್ಯೆಯೇನಿದೆ ಎಂದು ಕೇಳಬಹುದು. ಉತ್ತರ ಮರದ ಸ್ವಭಾವದಲ್ಲಿದೆ. ಕಡಿದ ಮೇಲೂ ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಹೀರಿದಾಗ ಹಿಗ್ಗುತ್ತದೆ, ಬಿಟ್ಟಾಗ ಕುಗ್ಗುತ್ತದೆ. ಉದ್ದಕ್ಕೆ ಆಗುವ ವ್ಯತ್ಯಾಸ ನಗಣ್ಯ. ಅಗಲಕ್ಕೆ ಆಗುವುದು ಗಣನೀಯ. ಅದರಲ್ಲಿಯೂ ವಾರ್ಷಿಕ ಬಳೆಗಳ ಗುಂಟ ಆಗುವ ಕುಗ್ಗುವಿಕೆ, ತಿರುಳಿನಿಂದ ತೊಗಟೆಯ ಕಡೆಗೆ ಆಗುವುದರ ಸುಮಾರು ಎರಡರಷ್ಟು. ಪುರಂದರದಂತಹ ಮಳೆನೆರಳಿನ ಸೀಮೆಯಲ್ಲಿ ಏಪ್ರಿಲ್-ಮೇ ತಿಂಗಳ ಒಣ ಬಿಸಿಲಿಗೂ ಮುಂಗಾರಿನ ತೇವಕ್ಕೂ ನಡುವೆ ಬಹಳ ಅಂತರವಿದೆ. ಬೇಸಿಗೆಯಲ್ಲಿ ಬಿಗಿಯಾಗಿ ಕೂರಿಸಿದ ಕದ ಶ್ರಾವಣದಲ್ಲಿ ಸಿಕ್ಕಿಹಾಕಿಕೊಳ್ಳುವುದು ಇದರಿಂದಲೇ. ಮರದ ಈ ಉಸಿರಾಟಕ್ಕೆ ಎಡೆಮಾಡಿಕೊಡುತ್ತಲೇ ಕಿಟಕಿಯನ್ನು ಗಟ್ಟಿಯಾಗಿ ನಿಲ್ಲಿಸುವುದೇ ಬಡಗಿಯ ವಿದ್ಯೆ.

ಕೆಲಸ ಮರದ ಆಯ್ಕೆಯಿಂದಲೇ ಆರಂಭವಾಗುತ್ತದೆ. ಸಾಗುವಾನಿ ಇತರ ಅನೇಕ ಮರಗಳಿಗಿಂತ ಕಡಿಮೆ ಕುಗ್ಗುತ್ತದೆ. ಅದರಲ್ಲಿರುವ ಸಹಜ ತೈಲಾಂಶ ಗೆದ್ದಲನ್ನೂ ಕೊಳೆಯನ್ನೂ ಬಹುಮಟ್ಟಿಗೆ ತಡೆಯುತ್ತದೆ. ಆದರೆ ಈ ಗುಣವಿರುವುದು ಕಾಂಡದ ಒಳಭಾಗದ ಕಂದು ಬಣ್ಣದ ಚೇಗಿನಲ್ಲಿ. ತೊಗಟೆಯ ಬದಿಯ ಬಿಳಿ ಮರಕ್ಕೆ ಆ ಶಕ್ತಿಯಿಲ್ಲ. ಅನುಭವಸ್ಥ ಬಡಗಿ ಗಂಟು, ಸೀಳು, ಓರೆ ಎಳೆಗಳಿರುವ ತುಂಡುಗಳನ್ನು ಬದಿಗಿಡುತ್ತಾನೆ. ಬಳಿಕ ಒಣಗಿಸುವ ಹಂತ. ಹಲಗೆಗಳ ನಡುವೆ ಅಡ್ಡ ಪಟ್ಟಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ ಕಾಯಬೇಕು. ಕಿಟಕಿ ಬಾಗಿಲುಗಳ ಮರದಲ್ಲಿ ತೇವಾಂಶ ಶೇಕಡಾ 12ರ ಆಸುಪಾಸಿನಲ್ಲಿರುವುದು ಒಳ್ಳೆಯದು. ಊರಿನ ಹವೆಗೆ ತಕ್ಕಂತೆ ಇದಕ್ಕೆ ಭಾರತೀಯ ಮಾನಕವೂ ಇದೆ. ಈ ಕಾಯುವಿಕೆಯನ್ನು ಉಳಿಸಲು ಹೋದರೆ ಮುಂದಿನ ಎಲ್ಲ ಶ್ರಮವೂ ವ್ಯರ್ಥ.

ಇನ್ನು ಚೌಕಟ್ಟು. ಸಾಮಾನ್ಯವಾಗಿ ನಾಲ್ಕು ಇಂಚು ಅಗಲ, ಮೂರು ಇಂಚು ದಪ್ಪದ ತೊಲೆಗಳನ್ನು ಇದಕ್ಕೆ ಬಳಸುತ್ತಾರೆ. ಮೇಲಿನ ಮತ್ತು ಕೆಳಗಿನ ಅಡ್ಡ ತುಂಡುಗಳಲ್ಲಿ ಉಳಿಯಿಂದ ಗುಳಿ ತೆಗೆಯುತ್ತಾರೆ. ನಿಲುವು ತುಂಡುಗಳ ತುದಿಯನ್ನು ನಾಲಗೆಯಂತೆ ಸಣ್ಣದಾಗಿಸಿ ಆ ಗುಳಿಗೆ ಸೇರಿಸುತ್ತಾರೆ. ನಾಲಗೆಯ ದಪ್ಪ ಮರದ ದಪ್ಪದ ಸುಮಾರು ಮೂರನೆಯ ಒಂದು ಭಾಗ. ಅದಕ್ಕಿಂತ ದಪ್ಪವಾದರೆ ಗುಳಿಯ ಗೋಡೆ ಸೀಳುತ್ತದೆ, ತೆಳುವಾದರೆ ನಾಲಗೆಯೇ ಮುರಿಯುತ್ತದೆ. ಸೇರಿಸಿದ ಮೇಲೆ ಎರಡನ್ನೂ ಹಾದುಹೋಗುವಂತೆ ಬೈರಿಗೆಯಿಂದ ರಂಧ್ರ ಕೊರೆದು ಮರದ ಇಲ್ಲವೇ ಬಿದಿರಿನ ಗೂಟ ಹೊಡೆಯುತ್ತಾರೆ. ನುರಿತವನು ನಾಲಗೆಯ ರಂಧ್ರವನ್ನು ಕೂದಲೆಳೆಯಷ್ಟು ಒಳಕ್ಕೆ ಸರಿಸಿ ಕೊರೆಯುತ್ತಾನೆ. ಗೂಟ ಇಳಿಯುತ್ತಿದ್ದಂತೆ ಸಂದು ತಾನಾಗಿಯೇ ಬಿಗಿದುಕೊಳ್ಳುತ್ತದೆ. ಇಲ್ಲಿ ಕಬ್ಬಿಣದ ಮೊಳೆಗಿಂತ ಗೂಟವೇ ಮೇಲು. ಮೊಳೆ ತುಕ್ಕು ಹಿಡಿದು ಸುತ್ತಲಿನ ಮರವನ್ನು ಕೆಡಿಸುತ್ತದೆ; ಗೂಟ ಮರದೊಂದಿಗೇ ಹಿಗ್ಗಿ ಕುಗ್ಗುತ್ತದೆ. ಚೌಕಟ್ಟು ಸರಿಯಾಗಿ ಕೂಡಿದೆಯೇ ಎಂಬುದಕ್ಕೆ ಒಂದು ಸುಲಭ ಪರೀಕ್ಷೆಯಿದೆ. ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ದಾರ ಹಿಡಿದು ಅಳೆಯಬೇಕು. ಎರಡು ಅಳತೆಗಳೂ ಸಮವಾಗಿದ್ದರೆ ಚೌಕಟ್ಟು ಸರಿ.

ಕದದ ರಚನೆ ಇನ್ನೂ ಸೂಕ್ಷ್ಮ. ಎರಡು ನಿಲುವು ಪಟ್ಟಿಗಳು, ಎರಡು ಅಥವಾ ಮೂರು ಅಡ್ಡ ಪಟ್ಟಿಗಳು ಸೇರಿ ಒಂದು ತೆಳುವಾದ ಚೌಕವಾಗುತ್ತದೆ. ಪಟ್ಟಿಗಳ ಒಳ ಅಂಚಿನಲ್ಲಿ ತೋಡು ತೆಗೆದು, ಅದರೊಳಗೆ ನಡುವಿನ ಹಲಗೆಯನ್ನು ಕೂರಿಸುತ್ತಾರೆ. ಈ ಹಲಗೆಗೆ ಅಂಟನ್ನಾಗಲಿ ಮೊಳೆಯನ್ನಾಗಲಿ ಹಾಕುವುದಿಲ್ಲ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ತೋಡಿನಲ್ಲಿ ಎರಡು ಮೂರು ಮಿಲಿಮೀಟರ್ ಎಡೆ ಬಿಟ್ಟಿರುತ್ತಾರೆ. ಹಲಗೆ ಮಳೆಗಾಲದಲ್ಲಿ ಅಗಲವಾಗಿ ಬೇಸಿಗೆಯಲ್ಲಿ ಕಿರಿದಾಗುವುದಕ್ಕೆ ಆ ಎಡೆ. ಬಿಗಿಯಾಗಿ ಅಂಟಿಸಿದರೆ ಒಂದೆರಡು ವರ್ಷಗಳಲ್ಲಿಯೇ ಹಲಗೆ ಸೀಳುತ್ತದೆ. ಕೆಳಗಿನ ಅಡ್ಡ ಪಟ್ಟಿಯನ್ನು ಮೇಲಿನದಕ್ಕಿಂತ ಅಗಲವಾಗಿಡುವುದೂ ಸುಮ್ಮನೆ ಅಲ್ಲ. ಕದದ ಭಾರವನ್ನು ತಾಳುವುದು ಅದು, ಮಳೆನೀರು ಹೆಚ್ಚಾಗಿ ತಾಕುವುದೂ ಅದಕ್ಕೇ. ಹೊಸ್ತಿಲ ತುಂಡಿನ ಮೇಲ್ಮೈಗೆ ಹೊರಗಡೆ ಇಳಿಜಾರು ಕೊಟ್ಟು, ಅದರ ಹೊರ ಅಂಚಿನ ಅಡಿಯಲ್ಲಿ ಒಂದು ಸಣ್ಣ ಗೀರು ತೋಡಿದರೆ ನೀರು ಗೋಡೆಯ ಕಡೆಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ. ಗೋಡೆಯೊಳಗೆ ಹುದುಗುವ ಮುಖಗಳಿಗೆ ಡಾಂಬರು ಬಳಿಯುವುದರಿಂದ ತೇವವೂ ಗೆದ್ದಲೂ ದೂರವಿರುತ್ತವೆ. ಹೊರಗಿನ ಮುಖಕ್ಕೆ ನಮ್ಮ ಒಣಬೇಸಾಯದ ಅಗಸೆಯ ಎಣ್ಣೆ ಬಹುಕಾಲದಿಂದ ರಕ್ಷಣೆಯಾಗಿದೆ.

ಬೇರೆ ದೇಶಗಳ ಬಡಗಿಗಳೂ ಇದೇ ಸಮಸ್ಯೆಯನ್ನು ತಮ್ಮ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ 17ನೆಯ ಶತಮಾನದ ಕೊನೆಯಿಂದ ಬಳಕೆಗೆ ಬಂದ ಜಾರುಗಿಟಕಿ ಇದಕ್ಕೆ ಉತ್ತಮ ನಿದರ್ಶನ. ನಮ್ಮ ರೈಲುಗಾಡಿಗಳ ಎತ್ತಿ ಇಳಿಸುವ ಕಿಟಕಿಗಳನ್ನು ಬಲ್ಲವರಿಗೆ ಅದರ ಕಲ್ಪನೆ ಸುಲಭ. ಗಾಜು ಕೂರಿಸಿದ ಎರಡು ಕದಗಳು ಒಂದರ ಹಿಂದೆ ಒಂದು ಮೇಲೆ ಕೆಳಗೆ ಜಾರುತ್ತವೆ. ಚೌಕಟ್ಟಿನ ಎರಡೂ ಬದಿಗಳು ಟೊಳ್ಳಾದ ಪೆಟ್ಟಿಗೆಗಳು. ಅವುಗಳೊಳಗೆ ಹಗ್ಗ ಮತ್ತು ರಾಟೆಯ ಮೂಲಕ ಕಬ್ಬಿಣದ ಅಥವಾ ಸೀಸದ ತೂಕದ ಗುಂಡುಗಳು ತೂಗಾಡುತ್ತವೆ. ಪ್ರತಿ ಬದಿಯ ಗುಂಡು ಕದದ ಸುಮಾರು ಅರ್ಧ ಭಾರವಿರುವುದರಿಂದ ಮಗುವೂ ಅದನ್ನು ಎತ್ತಬಲ್ಲದು, ನಿಲ್ಲಿಸಿದಲ್ಲಿಯೇ ಅದು ನಿಲ್ಲುತ್ತದೆ. ಅಗಸೆ ಎಣ್ಣೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ನಾದಿ ಮಾಡಿದ ಲಪ್ಪ ಗಾಜನ್ನು ಹಿಡಿದಿಡುತ್ತದೆ. ಬೆಂಕಿಯ ಭಯ ಅಲ್ಲಿಯೂ ಇತ್ತು. ಮರದ ಚೌಕಟ್ಟನ್ನು ಗೋಡೆಯ ಹೊರಮುಖದಿಂದ ನಾಲ್ಕು ಇಂಚು ಒಳಕ್ಕೆ ಇಡಬೇಕೆಂದು ಲಂಡನ್ನಿನ 1709ರ ಕಾನೂನು ವಿಧಿಸಿತು. ಆ ಕಿಟಕಿಯಲ್ಲಿಯೂ ಮೂಲೆಗಳನ್ನು ಹಿಡಿದಿರುವುದು ಗುಳಿ ಮತ್ತು ನಾಲಗೆಯೇ.

ಈ ಎರಡು ಬಗೆಯ ಕಿಟಕಿಗಳಿಗೂ ಒಂದು ಸಮಾನ ಗುಣವಿದೆ. ಗೂಟ ತೆಗೆದರೆ ಸಂದು ಬಿಡುತ್ತದೆ. ಕೆಟ್ಟ ಭಾಗವನ್ನು ಮಾತ್ರ ಬದಲಿಸಿ ಉಳಿದುದನ್ನು ಮತ್ತೆ ಕೂಡಿಸಬಹುದು. ಮರದ ಕಿಟಕಿ ಇಡಿಯಾಗಿ ಕೆಡುವುದು ಅಪರೂಪ. ಸಾಮಾನ್ಯವಾಗಿ ಹೊಸ್ತಿಲಿನ ತುದಿಗಳು, ನಿಲುವು ಪಟ್ಟಿಯ ಕೆಳಗಿನ ಒಂದೆರಡು ಅಂಗುಲ, ಕದದ ಕೆಳ ಅಡ್ಡ ಪಟ್ಟಿ, ಹೀಗೆ ನೀರು ನಿಲ್ಲುವ ಕಡೆಗಳಲ್ಲಿ ಮಾತ್ರ ಕೊಳೆ ಹಿಡಿಯುತ್ತದೆ. ಆ ಭಾಗವನ್ನು ಓರೆಯಾಗಿ ಕತ್ತರಿಸಿ, ಅದೇ ಜಾತಿಯ ಒಣಗಿದ ಮರದ ತುಂಡನ್ನು ಜೋಡಿಸಿದರೆ ಕಿಟಕಿ ಮತ್ತೊಂದು ತಲೆಮಾರು ಬಾಳುತ್ತದೆ. ಅಲ್ಯುಮಿನಿಯಂ ಮತ್ತು ಪ್ಲಾಸ್ಟಿಕ್ ಕಿಟಕಿಗಳಿಗೆ ಅವುಗಳದೇ ಅನುಕೂಲಗಳಿವೆ. ಆದರೆ ಅವುಗಳ ಒಂದು ಭಾಗ ಮುರಿದಾಗ ಅದೇ ಕಂಪನಿಯ ಅದೇ ಮಾದರಿಯ ಬಿಡಿಭಾಗ ಸಿಗದಿದ್ದರೆ ಇಡೀ ಕಿಟಕಿಯನ್ನೇ ಬದಲಿಸಬೇಕಾಗಬಹುದು. ಮರದ ಕಿಟಕಿಯ ಬಿಡಿಭಾಗವನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ.

ಮಾಡಿಕೊಡಬಲ್ಲ ಬಡಗಿ ಊರಿನಲ್ಲಿ ಉಳಿದಿರಬೇಕು ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ. ಸೋದರರ ಪಾಲಿನಲ್ಲಿ, ರಸ್ತೆಯ ಅಗಲೀಕರಣದಲ್ಲಿ, ಹೊಸ ಮನೆಯ ಆಸೆಯಲ್ಲಿ ವಾಡೆಗಳು ಬೀಳುತ್ತಿವೆ. ಅವುಗಳ ಸಾಗುವಾನಿ ಹಳೆಯ ಮರದ ವ್ಯಾಪಾರಿಗಳ ಅಂಗಳ ಸೇರುತ್ತದೆ. ಮರವಾದರೂ ಇನ್ನೊಂದು ಮನೆಯಲ್ಲಿ ಬಳಕೆಯಾಗಬಹುದು. ಆದರೆ ದುರಸ್ತಿಯ ಕೆಲಸವೇ ಇಲ್ಲದ ಊರಿನಲ್ಲಿ ತಂದೆಯಿಂದ ಮಗ ಕಲಿಯುವುದಕ್ಕೆ ಏನೂ ಇರುವುದಿಲ್ಲ. ಗುಳಿಯ ಅಳತೆ, ಗೂಟದ ಬಿಗಿ, ತೋಡಿನ ಎಡೆ ಇವು ಪುಸ್ತಕ ಓದಿದ ಮಾತ್ರಕ್ಕೆ ಕೈಗೆ ಬರುವಂಥವಲ್ಲ.

ಆದುದರಿಂದ ಹಳೆಯ ಮನೆಗಳ ಯಜಮಾನರಲ್ಲಿ ಕೆಲವು ವಿನಂತಿಗಳಿವೆ. ಮಳೆಗಾಲದಲ್ಲಿ ಕದ ಬಿಗಿಯಾಯಿತೆಂದು ಒಡನೆಯೇ ಅಂಚನ್ನು ಹೆರೆಸಬೇಡಿ. ಬೇಸಿಗೆಯಲ್ಲಿ ಅದೇ ಸಂದಿನಿಂದ ಗಾಳಿಯೂ ಧೂಳೂ ನುಗ್ಗುತ್ತವೆ. ಹವೆ ಒಣಗಿದ ಮೇಲೂ ಸಿಕ್ಕಿಕೊಳ್ಳುತ್ತಿದ್ದರೆ ಮಾತ್ರ ಹೆರೆಸಬಹುದು. ಪ್ರತಿ ವರ್ಷ ಮಳೆಗೆ ಮುನ್ನ ಹೊಸ್ತಿಲ ತುದಿಗಳನ್ನು ಮೊಳೆಯ ಮೊನೆಯಿಂದ ಒತ್ತಿ ನೋಡಿ. ಸುಲಭವಾಗಿ ಇಳಿದರೆ ಅಲ್ಲಿ ಕೊಳೆ ಆರಂಭವಾಗಿದೆ ಎಂದು ತಿಳಿಯಿರಿ. ಬಣ್ಣದ ಮೇಲೆ ಬಣ್ಣ ಬಳಿಯುತ್ತಾ ಹೋಗಬೇಡಿ. ಬಿರುಕು ಬಿಟ್ಟ ದಪ್ಪ ಪದರ ನೀರನ್ನು ಒಳಗೇ ಹಿಡಿದಿಡುತ್ತದೆ. ಹೊಸ ಕಿಟಕಿ ಮಾಡಿಸುವಾಗ ಬೆಲೆಯೊಂದನ್ನೇ ಕೇಳದೆ, ಮರ ಎಷ್ಟು ಕಾಲ ಒಣಗಿದೆ, ಸಂದುಗಳಿಗೆ ಮೊಳೆಯೋ ಗೂಟವೋ ಎಂಬುದನ್ನೂ ಕೇಳಿ. ಕಿಟಕಿಯನ್ನು ಕಿತ್ತುಹಾಕುವ ತೀರ್ಮಾನಕ್ಕೆ ಮುನ್ನ ಒಬ್ಬ ಹಿರಿಯ ಬಡಗಿಗೆ ತೋರಿಸಿ.

ಕಸಬುದಾರರಿಗೂ ಕೆಲವು ಆಸರೆಗಳಿವೆ. 2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸಬುಗಳಲ್ಲಿ ಬಡಗಿ ಕೆಲಸವೂ ಸೇರಿದೆ. ತರಬೇತಿಯ ಅವಧಿಯಲ್ಲಿ ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಗಳಿಗಾಗಿ 15,000 ರೂಪಾಯಿಗಳವರೆಗೆ ನೆರವು, ಮತ್ತು ಆಸ್ತಿಯ ಅಡಮಾನವಿಲ್ಲದೆ ಶೇಕಡಾ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಬಳಿಕ 2 ಲಕ್ಷ ರೂಪಾಯಿಗಳವರೆಗೆ ಸಾಲ ಎಂದು ಯೋಜನೆಯಲ್ಲಿ ಗೊತ್ತುಪಡಿಸಲಾಗಿದೆ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರದ ಗುಣ, ಒಣಗಿಸುವಿಕೆ, ಸಂರಕ್ಷಣೆಗಳ ಬಗ್ಗೆ ಸಂಶೋಧನೆ ನಡೆಸುತ್ತಿದೆ. ಆದರೆ ತರಬೇತಿ ಪಡೆದ ಕೈಗೆ ಕೆಲಸ ಕೊಡಬೇಕಾದವರು ಮನೆಗಳ ಯಜಮಾನರೇ. ಸಾಲದಿಂದ ಕೊಂಡ ಉಳಿ ಗಿರಾಕಿಯಿಲ್ಲದೆ ತುಕ್ಕು ಹಿಡಿಯುತ್ತದೆ.

ಮುಂದೆ ಜೇಜುರಿಗೆ ಹೋದಾಗ, ದರ್ಶನ ಮುಗಿಸಿ ಬೆಟ್ಟವಿಳಿದ ಮೇಲೆ ಹಳೆಯ ಮನೆಯೊಂದು ಕಂಡರೆ ಅದರ ಕಿಟಕಿಯನ್ನು ಒಮ್ಮೆ ನೋಡಿ. ಮೂಲೆಯಲ್ಲಿ ಗೂಟದ ದುಂಡು ತಲೆ ಕಾಣಿಸೀತು. ನಮ್ಮ ಧಾರವಾಡ ಬೆಳಗಾವಿಗಳ ವಾಡೆಗಳಲ್ಲಿಯೂ ಅಂತಹುದೇ ಗೂಟಗಳಿವೆ. ಅವನ್ನು ಬಿಚ್ಚಿ ಮತ್ತೆ ಹೊಡೆಯಬಲ್ಲ ಕೈಗಳು ನಮ್ಮ ಊರುಗಳಲ್ಲಿ ಇನ್ನೂ ಇರುವಾಗಲೇ ಅವರಿಗೆ ಕೆಲಸ ಕೊಡೋಣ.