ಒಂದು ಮೀಟರು, ಹಲವು ಲೆಕ್ಕ
(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆ ಮುಗಿಸಿ ಹೋಟೆಲಿಗೆ ಬಂದವನು, ವಿಜ್ಞಾನದ ಪಂಡಿತನಲ್ಲ. ಆದರೂ ಇಂದು ಕರೆಂಟಿನ ವಿಷಯ ನಾಲ್ಕು ಮಾತು ಹೇಳಲು ನಿಂತಿದ್ದೇನೆ. ಅದಕ್ಕೆ ಕಾರಣವಿದೆ.

ಹಿಂದೆ ನಾನು ದುಡಿಯುತ್ತಿದ್ದ ಹೋಟೆಲಿನಲ್ಲಿ ನಾವು ಎಂಟು ಮಂದಿ ಅಟ್ಟದ ಮೇಲೆ ಮಲಗುತ್ತಿದ್ದೆವು. ಕೆಳಗಿನ ಅಡುಗೆಮನೆಗೂ ನಮ್ಮ ಅಟ್ಟಕ್ಕೂ ಮೀಟರು ಒಂದೇ. ಒಂದು ತಿಂಗಳು ಬಿಲ್ಲು ಹೆಚ್ಚು ಬಂತು. “ನಿಮ್ಮ ನಾಲ್ಕು ಫ್ಯಾನುಗಳೇ ತಿಂದದ್ದು” ಎಂದು ಯಜಮಾನರು ಎಲ್ಲರ ಪಗಾರದಲ್ಲಿ ಹಿಡಿದುಕೊಂಡರು. ಹೌದೋ ಅಲ್ಲವೋ ನಮಗೆ ತಿಳಿಯಲಿಲ್ಲ. ಬಾಯಿ ಮುಚ್ಚಿಕೊಂಡು ಉಳಿದೆವು.

ಮೀಟರು ಹೇಳುವುದು ಒಟ್ಟು ಲೆಕ್ಕ. ಅದರೊಳಗಿಂದ ಒಂದೊಂದು ಯಂತ್ರದ ಪಾಲನ್ನು ಬಿಡಿಸಬಹುದೇ? ಬಿಡಿಸಬಹುದು. ಅಮೇರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ಜಾರ್ಜ್ ಹಾರ್ಟ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಇದಕ್ಕೆ ದಾರಿ ತೋರಿಸಿದರು.

ಗಿರಣಿಯಲ್ಲಿ ದುಡಿದ ಹಿರಿಯರಿಗೆ ಇದು ಬೇಗ ತಿಳಿದೀತು. ಅಷ್ಟು ಗದ್ದಲದಲ್ಲಿಯೂ ನಿಮ್ಮ ಪಾಲಿನ ಮಗ್ಗ ನಿಂತರೆ ನಿಮ್ಮ ಕಿವಿಗೆ ಗೊತ್ತಾಗುತ್ತಿತ್ತಲ್ಲವೇ? ಹಾಗೆಯೇ, 75 ವಾಟಿನ ಫ್ಯಾನು ಹಾಕಿದರೆ ಒಟ್ಟು ಲೆಕ್ಕ 75 ವಾಟ್ ಏರುತ್ತದೆ, ನಿಲ್ಲಿಸಿದರೆ ಅಷ್ಟೇ ಇಳಿಯುತ್ತದೆ. 2000 ವಾಟಿನ ಬಾಯ್ಲರಿನದು ದೊಡ್ಡ ಮೆಟ್ಟಿಲು. ಏರಿದ ಮೆಟ್ಟಿಲಿಗೆ ಇಳಿದ ಮೆಟ್ಟಿಲನ್ನು ಜೋಡಿಸಿ ನಡುವಿನ ವೇಳೆಯನ್ನು ಹಿಡಿದರೆ ಆ ಯಂತ್ರದ ಯುನಿಟ್ಟು ಸಿಕ್ಕಿತು.

ಎರಡು ಮೆಟ್ಟಿಲುಗಳು ಸಮವಾಗಿದ್ದರೆ? ಬಾಯ್ಲರು ಎಳೆದದ್ದೆಲ್ಲವೂ ಶಾಖವಾಗುತ್ತದೆ. ಮೋಟಾರಿರುವ ಗ್ರೈಂಡರು, ಫ್ರಿಜ್ಜು ಹಾಗಲ್ಲ. ಅಯಸ್ಕಾಂತದ ಬಲ ಹುಟ್ಟಿಸಲು ಅವು ಸ್ವಲ್ಪ ಶಕ್ತಿಯನ್ನು ಎಳೆದು ಮರಳಿಸುತ್ತಲೇ ಇರುತ್ತವೆ. ಹೊರಡುವಾಗ ಒಮ್ಮೆ ಜೋರಾಗಿ ಜಗ್ಗುತ್ತವೆ. ಇದೇ ಅವುಗಳ ಗುರುತು. ಸಣ್ಣ ದೀಪಗಳನ್ನೂ, ವೇಗ ಬದಲಿಸುತ್ತಾ ನಡೆಯುವ ಯಂತ್ರಗಳನ್ನೂ ಹಿಡಿಯುವುದು ಮಾತ್ರ ಇಂದಿಗೂ ಕಷ್ಟ.

ನಮಗೆ ಅಷ್ಟು ದೊಡ್ಡ ವಿದ್ಯೆ ಬೇಡ. ಈಗಿನ ಮೀಟರಿನಲ್ಲಿ ಮಿನುಗುವ ಕೆಂಪು ದೀಪವಿರುತ್ತದೆ. ಅದರ ಬಳಿ 3200 ಎಂದು ಬರೆದಿದ್ದರೆ, 3200 ಸಲ ಮಿನುಗಿದಾಗ ಒಂದು ಯುನಿಟ್ಟು. ಫ್ಯಾನು ಹಾಕುವ ಮೊದಲು ಒಂದು ನಿಮಿಷ ಎಣಿಸಿರಿ, ಹಾಕಿದ ಮೇಲೆ ಮತ್ತೆ ಎಣಿಸಿರಿ. ನಡುವೆ ಫ್ರಿಜ್ಜು ಹೊರಟರೆ ಲೆಕ್ಕ ಕೆಡುತ್ತದೆ. ಆದ್ದರಿಂದ ಎರಡು ಮೂರು ಸಲ ಮಾಡಿರಿ. 75 ವಾಟಿನ ನಾಲ್ಕು ಫ್ಯಾನುಗಳಿಗೆ ನಿಮಿಷಕ್ಕೆ 16 ಮಿನುಗು ಹೆಚ್ಚಬೇಕು. ಹತ್ತು ಗಂಟೆ ತಿರುಗಿದರೆ 3 ಯುನಿಟ್ಟು. ಬಾಯ್ಲರು ಅದನ್ನು ಒಂದೂವರೆ ಗಂಟೆಯಲ್ಲಿ ತಿನ್ನುತ್ತದೆ! ಅಂದು ನಮಗೆ ಈ ಲೆಕ್ಕ ತಿಳಿದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿರಲಿಲ್ಲ.

ಈ ವಿದ್ಯೆಗೆ ಇನ್ನೊಂದು ಮುಖವಿದೆ. ಮೀಟರನ್ನು ಓದಿದವನಿಗೆ ನೀವು ಎಷ್ಟು ಗಂಟೆಗೆ ಎದ್ದಿರಿ, ಯಾವಾಗ ಮಲಗಿದಿರಿ ಎಂಬುದೂ ತಿಳಿಯುತ್ತದೆ. ಹಾರ್ಟ್ ಅವರೇ 1989ರಲ್ಲಿ ಲೇಖನ ಬರೆದು ಈ ಎಚ್ಚರಿಕೆ ಕೊಟ್ಟರು. ಅಮೇರಿಕದ ನೇಪರ್‌ವಿಲ್ ನಗರದ ಮೊಕದ್ದಮೆಯಲ್ಲಿ 2018ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಹದಿನೈದು ನಿಮಿಷಕ್ಕೊಮ್ಮೆ ಮೀಟರಿನ ಲೆಕ್ಕ ತೆಗೆಯುವುದು ಮನೆಯ ಶೋಧನೆಯೇ ಸರಿ ಎಂದಿತು. ಕರೆಂಟು ಹಂಚಿಕೆಯ ಕೆಲಸಕ್ಕಾಗಿ ಆದ್ದರಿಂದ ಅದು ನ್ಯಾಯವಾದದ್ದು ಎಂದೂ ಹೇಳಿತು. ಅಂದರೆ ಯಾರು ಓದುತ್ತಾರೆ, ಯಾತಕ್ಕಾಗಿ ಓದುತ್ತಾರೆ ಎಂಬುದೇ ಮುಖ್ಯ.

ಆದುದರಿಂದ ನನ್ನ ಸೂಚನೆ ಇದು: ಕರೆಂಟಿನ ಹೆಸರಿನಲ್ಲಿ ಪಗಾರ ಹಿಡಿಯುವ ಮಾತು ಬಂದರೆ, ಯಜಮಾನರ ಕಡೆಯವರೊಬ್ಬರೂ ನಮ್ಮವರೊಬ್ಬರೂ ಮೀಟರಿನ ಮುಂದೆ ಕೂಡಿ ನಿಂತು ಎಣಿಸಲಿ, ವಹಿಯಲ್ಲಿ ಬರೆಯಲಿ. ನಮ್ಮ ಪಾಲು ಇದ್ದರೆ ಒಪ್ಪೋಣ. ಇಲ್ಲದ ಪಾಲನ್ನು ಹೊರುವುದು ಬೇಡ.